ಟೆಕ್‌ ಪಾರ್ಕ್‌ ಬಂದರೆ ಕೆಲಸವೂ ಬರುತ್ತದೆಯೇ?

'ಬಿಯಾಂಡ್‌ ಬೆಂಗಳೂರು' ಎಂಬ ಮಾತು ಹುಬ್ಬಳ್ಳಿ, ಮೈಸೂರು, ಮಂಗಳೂರು ಭಾಗದ ಎಂಜಿನಿಯರಿಂಗ್‌ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ನಮ್ಮೂರಿಗೂ ಟೆಕ್‌ ಪಾರ್ಕ್‌ ಬಂದರೆ ಇಲ್ಲೇ ಕೆಲಸ ಸಿಗುತ್ತದೆ ಎಂಬುದು ಅದರ ಹಿಂದಿನ ಭರವಸೆ. ಬಿ.ಇ. ಓದುತ್ತಿರುವ ನನಗೂ ಆ ಆಸೆ ಇದೆ. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಕೆಲಸ ಹುಟ್ಟುತ್ತದೆಯೇ?

ಎಲೆಕ್ಟ್ರಾನಿಕ್‌ ಸಿಟಿಯನ್ನೇ ನೋಡಿ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್‌.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ 332 ಎಕರೆಯಲ್ಲಿ ಅದು ರೂಪುಗೊಂಡಿತು. ಆ ಹೊತ್ತಿಗಾಗಲೇ ಬೆಂಗಳೂರಿನಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, 1940ರಿಂದ ಎಚ್‌ಎಎಲ್‌, 1954ರಿಂದ ಬಿಇಎಲ್‌ ಇದ್ದವು. ನುರಿತ ಎಂಜಿನಿಯರ್‌ಗಳು ಊರಲ್ಲೇ ಇದ್ದರು. ಪಾರ್ಕ್‌ ಅವರಿಗೊಂದು ನೆಲೆ ಒದಗಿಸಿತು.

ಪಾರ್ಕಿನಿಂದ ಎಷ್ಟು ಉದ್ಯೋಗವಾಯಿತು ಎಂದು ಲೆಕ್ಕ ಹಾಕುವುದೂ ಸುಲಭವಲ್ಲ. ಊರಿನ ಬೇರೆ ಬಡಾವಣೆಯಲ್ಲಿದ್ದ 50 ಜನರ ಕಂಪನಿ ಪಾರ್ಕಿಗೆ ಸ್ಥಳಾಂತರವಾದರೆ ಪಾರ್ಕಿನ ಪಟ್ಟಿಗೆ 50 ಉದ್ಯೋಗ ಸೇರುತ್ತದೆ, ಆದರೆ ಊರಿಗೆ ಒಂದೂ ಹೊಸದಾಗಿ ಬಂದಿರುವುದಿಲ್ಲ. ಬೆಳೆಯುವ ಲಕ್ಷಣವಿರುವ ಕಂಪನಿಗಳನ್ನೇ ಆರಿಸಿ ಒಳಗೆ ಬಿಟ್ಟುಕೊಂಡರೆ, ಅವುಗಳ ಬೆಳವಣಿಗೆ ಪಾರ್ಕಿನ ಗುಣವೋ ಕಂಪನಿಯ ಗುಣವೋ ಎಂದು ಹೇಳುವುದು ಕಷ್ಟ. ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. 2013ರಲ್ಲಿ ಆರಂಭವಾಗಿ ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಏಥರ್‌ ಎನರ್ಜಿ ಮುಂದೆ ಬೆಂಗಳೂರಿಗೆ ಬಂತು, ಹೊಸೂರಿನಲ್ಲಿ ಸ್ಕೂಟರ್‌ ಕಾರ್ಖಾನೆ ತೆರೆಯಿತು. ಆ ಕೆಲಸಗಳು ಚೆನ್ನೈನ ಯಾವ ಕಟ್ಟಡದ ಲೆಕ್ಕಕ್ಕೂ ಸಿಗುವುದಿಲ್ಲ.

ಕಲಿಯಬೇಕಾದದ್ದು ಇರುವುದೂ ಅಲ್ಲಿಯೇ. 2010ರಲ್ಲಿ ಆರಂಭವಾದ ಐಐಟಿ ಮದ್ರಾಸ್‌ ರಿಸರ್ಚ್‌ ಪಾರ್ಕಿನಲ್ಲಿ ಕಂಪನಿಗಳು ಬಾಡಿಗೆ ಕಟ್ಟಿದರಷ್ಟೇ ಸಾಲದು. ಪ್ರಾಧ್ಯಾಪಕರ ಜೊತೆ ಸಂಶೋಧನೆ, ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್‌ ಮುಂತಾದವುಗಳ ಮೂಲಕ ಕ್ರೆಡಿಟ್‌ಗಳನ್ನೂ ಗಳಿಸಬೇಕು. ಹೀಗಾಗಿ ಕಾಲೇಜಿಗೂ ಕಂಪನಿಗೂ ನಡುವೆ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಕಂಪನಿಗೆ ಪ್ರಯೋಗಾಲಯವೂ ಕೆಲಸ ಬಲ್ಲ ಹುಡುಗರೂ ಸಿಗುತ್ತಾರೆ, ವಿದ್ಯಾರ್ಥಿಗೆ ನಿಜವಾದ ಸಮಸ್ಯೆಯ ಮೇಲೆ ಕೈಪಳಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಎಷ್ಟು ಎಕರೆ, ಎಷ್ಟು ಚದರ ಅಡಿ ಎಂಬ ಮಾತು. ಫೈನಲ್‌ ಇಯರ್‌ ಪ್ರಾಜೆಕ್ಟ್‌ಗಳು ಮಾತ್ರ ವೈವಾ ಮುಗಿದ ಮೇಲೆ ಕಾಲೇಜಿನ ಕಪಾಟು ಸೇರುತ್ತವೆ, ಮಾಡಿದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಸರ್ಕಾರ ರಿಯಾಯಿತಿ ದರದಲ್ಲಿ ಭೂಮಿ ಕೊಡುವಾಗ ಎರಡು ಷರತ್ತು ಹಾಕಲಿ. ಒಂದು, ಸುತ್ತಲಿನ ಕಾಲೇಜುಗಳ ಜೊತೆ ಇಂತಿಷ್ಟು ಪ್ರಾಜೆಕ್ಟ್‌, ಇಂತಿಷ್ಟು ಇಂಟರ್ನ್‌ಶಿಪ್‌ ಕಡ್ಡಾಯ. ಎರಡು, ಸ್ಥಳಾಂತರವಾದ ಹುದ್ದೆ ಎಷ್ಟು, ಹೊಸದಾಗಿ ಹುಟ್ಟಿದ್ದು ಎಷ್ಟು ಎಂಬ ವಿವರವನ್ನು ಪ್ರತಿವರ್ಷ ಜನರ ಮುಂದಿಡಬೇಕು. ಮುಂದಿನ ಪಾರ್ಕಿಗೆ ಅಡಿಗಲ್ಲು ಹಾಕುವ ಮೊದಲು ಈ ಲೆಕ್ಕ ಕೇಳುವ ಹಕ್ಕು ನಮಗಿದೆ.