ಸಿಲಬಸ್‌ನಲ್ಲಿಲ್ಲದ ಪ್ರಶ್ನೆ

ಕಳೆದ ವರ್ಷ ದ್ವಿತೀಯ ಪಿಯುಸಿ ತರಗತಿಯಲ್ಲಿ ಮಸೂರಗಳ ಪಾಠ ನಡೆಯುತ್ತಿತ್ತು. ಪೀನ ಮಸೂರದ ಮೂಲಕ ಹಾದ ಕಿರಣಗಳು ಒಂದು ಬಿಂದುವಿನಲ್ಲಿ ಸೇರುವ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದ್ದೆ. ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಗಾಜೂ ಇಲ್ಲದೆ ನೀರೂ ಇಲ್ಲದೆ, ಖಾಲಿ ಜಾಗದಲ್ಲಿ ಬೆಳಕು ಬಾಗುತ್ತಾ?" ಎಂದು ಕೇಳಿದಳು. ಆ ಅಧ್ಯಾಯ ಅದೇ ವಾರ ಮುಗಿಯಬೇಕಿತ್ತು. "ಅದು ಸಿಲಬಸ್‌ನಲ್ಲಿಲ್ಲಮ್ಮ, ನೀಟ್‌ಗೂ ಬರಲ್ಲ, ಕೂತ್ಕೊ" ಎಂದೆ. ಕೂತಳು. ವರ್ಷ ಮುಗಿಯುವವರೆಗೂ ನನ್ನ ತರಗತಿಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅದೇ ನನ್ನನ್ನು ಹೆಚ್ಚು ಕಾಡುವುದು.

ಹೌದು, ಬಾಗುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಭಾರವಾದ ವಸ್ತು ತನ್ನ ಸುತ್ತಲಿನ ಅವಕಾಶವನ್ನೇ ಬಾಗಿಸುತ್ತದೆ. ಬೆಳಕು ಆ ಬಾಗಿದ ದಾರಿಯಲ್ಲೇ ಸಾಗಬೇಕು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್ ಸೆಕೆಂಡಿನಷ್ಟು ಬಾಗಬೇಕೆಂದು ಅವರು ಲೆಕ್ಕ ಹಾಕಿದರು. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗವೇ ಒಂದು ಆರ್ಕ್ ಸೆಕೆಂಡು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದಂದು ಬ್ರಿಟನ್ನಿನ ಎರಡು ತಂಡಗಳು ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಮತ್ತು ಆಫ್ರಿಕಾ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿ ಚಿತ್ರ ತೆಗೆದು ಅಳೆದವು. ಫಲಿತಾಂಶ ಐನ್‌ಸ್ಟೈನರ ಕಡೆಗೇ ಬಂತು.

ಮುಂದಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. 1936ರಲ್ಲಿ ಆರ್. ಡಬ್ಲ್ಯು. ಮ್ಯಾಂಡ್ಲ್ ಎಂಬ ಹವ್ಯಾಸಿಯೊಬ್ಬರು ಐನ್‌ಸ್ಟೈನರ ಮನೆಬಾಗಿಲಿಗೆ ಹೋದರು. ಬೆಳಕು ಬಾಗುವುದಾದರೆ ಒಂದು ನಕ್ಷತ್ರ ತನ್ನ ಹಿಂದಿನ ಇನ್ನೊಂದು ನಕ್ಷತ್ರಕ್ಕೆ ಮಸೂರ ಆಗಬಾರದೇಕೆ ಎಂಬುದು ಅವರ ಪ್ರಶ್ನೆ. ಐನ್‌ಸ್ಟೈನ್ ಅವರನ್ನು ವಾಪಸ್ ಕಳಿಸಲಿಲ್ಲ, ಲೆಕ್ಕ ಮಾಡಿಕೊಟ್ಟರು. ಮ್ಯಾಂಡ್ಲ್ ಒತ್ತಾಯಿಸಿದ್ದರಿಂದ ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೀಗೆ ಕೇಳಿದವರು ಮ್ಯಾಂಡ್ಲ್ ಎಂದು ಮೊದಲ ಸಾಲಿನಲ್ಲೇ ಹೇಳಿದರು. ಆದರೆ ಇದನ್ನು ನೇರವಾಗಿ ನೋಡುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಬರೆದರು. ಸಂಪಾದಕರಿಗೆ ಬರೆದ ಪತ್ರದಲ್ಲಂತೂ ಇದಕ್ಕೆ ಹೆಚ್ಚಿನ ಬೆಲೆಯಿಲ್ಲ ಎಂದಿದ್ದರು.

ಈ ಒಂದು ಮಾತಿನಲ್ಲಿ ಐನ್‌ಸ್ಟೈನ್ ಸೋತರು, ಹವ್ಯಾಸಿಯ ಪ್ರಶ್ನೆ ಗೆದ್ದಿತು. 1937ರಲ್ಲೇ ಫ್ರಿಟ್ಜ್ ಜ್ವಿಕಿ, ಒಂದು ನಕ್ಷತ್ರವೇಕೆ, ಇಡೀ ಗೆಲಾಕ್ಸಿಯೇ ಮಸೂರವಾಗಬಹುದು ಎಂದರು. 1979ರಲ್ಲಿ ಅಕ್ಕಪಕ್ಕದಲ್ಲಿ ಕಂಡ ಎರಡು ಕ್ವೇಸಾರ್‌ಗಳು ನಿಜವಾಗಿ ಒಂದೇ ಕ್ವೇಸಾರಿನ ಎರಡು ಬಿಂಬಗಳೆಂದು ತಿಳಿಯಿತು. ನಡುವಿನ ಗೆಲಾಕ್ಸಿ ಬೆಳಕನ್ನು ಎರಡು ದಾರಿಯಲ್ಲಿ ತಿರುಗಿಸಿತ್ತು. ಅಸಾಧ್ಯ ಎಂದಿದ್ದ ನಕ್ಷತ್ರದ ವಿಷಯವೂ ಉಳಿಯಲಿಲ್ಲ. ಭಾರತ ಮೂಲದ ಕೈಲಾಸ್ ಸಾಹು ಅವರ ತಂಡ ಹಬಲ್ ದೂರದರ್ಶಕದಿಂದ ಅದನ್ನು ಅಳೆದು, 2017ರಲ್ಲಿ ಅದೇ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಬೆಳಕು ಎಷ್ಟು ಬಾಗಿತೆಂಬ ಲೆಕ್ಕದಿಂದಲೇ ಆ ಶ್ವೇತಕುಬ್ಜ ನಕ್ಷತ್ರದ ತೂಕ ಸಿಕ್ಕಿತು.

ಇಂದು ಗುರುತ್ವ ಮಸೂರ ಖಗೋಳ ವಿಜ್ಞಾನಿಗಳ ದಿನನಿತ್ಯದ ಸಲಕರಣೆ. ಗೆಲಾಕ್ಸಿ ಗುಂಪುಗಳು ಬೆಳಕನ್ನು ಬಾಗಿಸುವ ಪ್ರಮಾಣ ನೋಡಿದರೆ, ಕಣ್ಣಿಗೆ ಕಾಣುವ ದ್ರವ್ಯ ಅದಕ್ಕೆ ಸಾಲದು. ಹೀಗೆ ಕಾಣದ ಕಪ್ಪು ದ್ರವ್ಯದ ನಕ್ಷೆ ತಯಾರಾಗುತ್ತಿದೆ. 2022ರಲ್ಲಿ ಸುದ್ದಿಯಾದ ಎರೆಂಡೆಲ್‌ನ ಬೆಳಕು ನಮ್ಮನ್ನು ತಲುಪಲು ಸುಮಾರು 1290 ಕೋಟಿ ವರ್ಷ ಹಿಡಿದಿದೆ. ನಡುವೆ ಈ ಮಸೂರ ಇಲ್ಲದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಇದೆಲ್ಲ ಅಮೆರಿಕದ ಮಾತು ಎಂದುಕೊಳ್ಳಬೇಡಿ. ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯ ಕೇಂದ್ರದಿಂದ. ಆ ದೂರದರ್ಶಕವೂ ಸ್ಪೇನ್ ಮತ್ತು ಉಜ್ಬೇಕಿಸ್ತಾನದ ದೂರದರ್ಶಕಗಳೂ ಸೇರಿ, ಜೋಡಿಯಾಗಿ ಕಾಣುವ ಒಂದು ಕ್ವೇಸಾರನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದವು. ಒಂದು ಬಿಂಬದಲ್ಲಿ ಕಂಡ ಏರಿಳಿತ ಇನ್ನೊಂದರಲ್ಲಿ ಕಾಣಲು ಸುಮಾರು 119 ದಿನ ಬೇಕು. ಒಂದೇ ಊರಿಂದ ಒಟ್ಟಿಗೆ ಹೊರಟ ಎರಡು ಬಸ್ಸುಗಳಲ್ಲಿ ಸುತ್ತು ದಾರಿಯದ್ದು ತಡವಾಗಿ ಬಂದ ಹಾಗೆ. ಈ ತಡದಿಂದ ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನು ಲೆಕ್ಕ ಹಾಕಬಹುದು.

ಕಾರ್ಯಕ್ರಮಗಳಲ್ಲಿ ನಾವು ಇಬ್ನುಲ್ ಹೈಸಮರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಬೆಳಕಿನ ಬಗ್ಗೆ 'ಕಿತಾಬುಲ್ ಮನಾಝಿರ್' ಬರೆದವರು ಅವರು. ಆದರೆ ಅವರು ಟಾಲೆಮಿಯಂಥ ಮಹಾಪಂಡಿತನ ಮೇಲೂ ಸಂಶಯಗಳನ್ನು ಎತ್ತಿ ಒಂದು ಗ್ರಂಥವನ್ನೇ ಬರೆದರು ಎಂಬುದನ್ನು ಹೇಳುವುದು ಕಡಿಮೆ. ಅವರ ಚಿತ್ರವನ್ನು ಗೋಡೆಗೆ ಹಾಕಿ, ಅದರ ಕೆಳಗೇ ಪ್ರಶ್ನೆ ಕೇಳಿದ ಮಗುವನ್ನು ಕೂರಿಸಿದರೆ ಅದು ಯಾವ ಗೌರವ?

ಸಹೋದ್ಯೋಗಿ ಮಿತ್ರರು ಹೇಳುವುದೂ ಸುಳ್ಳಲ್ಲ. ಪಾಠ ಮುಗಿಯಬೇಕು, ಅಂಕ ಬರಬೇಕು. ನಮ್ಮಲ್ಲಿ ಬಹಳಷ್ಟು ಮಕ್ಕಳು ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಆಟೋ ಓಡಿಸಿ, ಹೊಲಿಗೆ ಹಾಕಿ ಫೀಸು ಕಟ್ಟುವ ತಂದೆ ತಾಯಿಗೆ ಫಲಿತಾಂಶ ಮುಖ್ಯ. ಆದರೆ ಇಂಥ ಮನೆಯ ಮಕ್ಕಳಿಗೆ ಪ್ರಶ್ನೆ ಕೇಳಲು ಇನ್ನೊಂದು ಜಾಗವೂ ಇಲ್ಲ. ತರಗತಿಯಲ್ಲಿ ಬಾಯಿ ಮುಚ್ಚಿಸಿದರೆ ಅಲ್ಲಿಗೇ ಮುಗಿಯಿತು.

ಅದಕ್ಕೇ ನನ್ನ ಸಲಹೆ ಸಣ್ಣದು. ಪ್ರತಿ ಶನಿವಾರ ಕೊನೆಯ ಹತ್ತು ನಿಮಿಷ ಸಿಲಬಸ್‌ನಲ್ಲಿಲ್ಲದ ಪ್ರಶ್ನೆಗಳಿಗೆ ಇರಲಿ. ಎದ್ದು ಕೇಳಲು ಹಿಂಜರಿಯುವವರಿಗಾಗಿ ಲೈಬ್ರರಿಯಲ್ಲಿ ಒಂದು ನೋಟ್‌ಬುಕ್ ಇಡೋಣ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಮುಂದಿನ ವಾರ ನೋಡೋಣ" ಎನ್ನಲು ನಾವು ಮೇಷ್ಟ್ರುಗಳು ನಾಚಬೇಕಿಲ್ಲ. ಭೌತಶಾಸ್ತ್ರ ವಿಭಾಗದಲ್ಲಿ ಈ ತಿಂಗಳಿಂದ ನಾನು ಶುರು ಮಾಡುತ್ತಿದ್ದೇನೆ.

ಆ ವಿದ್ಯಾರ್ಥಿನಿ ಈಗ ಬೇರೆ ಕಾಲೇಜಿನಲ್ಲಿದ್ದಾಳೆ. ಅವಳ ತಂಗಿ ನಮ್ಮಲ್ಲೇ ಪ್ರಥಮ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಈ ಸಂಚಿಕೆಯನ್ನು ಅಕ್ಕನಿಗೆ ಕೊಡಮ್ಮ ಎಂದು ಅವಳಿಗೆ ಹೇಳಿದ್ದೇನೆ.