ಗಿಡದೊಂದಿಗೆ ಮಾತೂ ಉಳಿಯಲಿ

ಅಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ನದಿಯು ಕೊಲ್ಲಾಪುರ ಜಿಲ್ಲೆಯ ಆಜರಾ ಹಾಗೂ ಗಡಹಿಂಗ್ಲಜಗಳನ್ನು ಹಾದು ಬೆಳಗಾವಿ ಜಿಲ್ಲೆಯ ಸಂಕೇಶ್ವರವನ್ನು ತಲಪುವಷ್ಟರಲ್ಲಿ ದಡದ ಜನರ ಮಾತು ಮರಾಠಿಯಿಂದ ಕನ್ನಡಕ್ಕೆ ತಿರುಗಿರುತ್ತದೆ. ನಡುವಿನ ಹಳ್ಳಿಗಳಲ್ಲಿ ಎರಡೂ ಉಂಟು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಅಲ್ಲಿನ ಕನ್ನಡಿಗರು ಮಹಾರಾಷ್ಟ್ರದಲ್ಲಿ ಉಳಿದರು. ಕಾಸರಗೋಡಿನ ನಾವು ಕೇರಳದಲ್ಲಿ ಉಳಿದೆವು. ಆದುದರಿಂದ ಆಜರಾ ಸೀಮೆಯ ವಿಚಾರ ನಮಗೆ ದೂರದ ಸುದ್ದಿಯಲ್ಲ.

ಆ ಸೀಮೆಯ ಗಿಡಮರಗಳ ಭಾಗ್ಯ ಒಂದು ದೃಷ್ಟಿಯಿಂದ ಚೆನ್ನಾಗಿದೆ. 1962ರಲ್ಲಿ ಸ್ಥಾಪನೆಯಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹವಿದೆ. ಪ್ರೊ. ಎಸ್. ಆರ್. ಯಾದವ್ ಮತ್ತು ಎಂ. ಎಂ. ಸರ್ದೇಸಾಯಿಯವರು ಜಿಲ್ಲೆಯ ಸಸ್ಯಗಳ ಕುರಿತು ಬರೆದ ದೊಡ್ಡ ಗ್ರಂಥ 2002ರಲ್ಲಿ ಹೊರಬಂದಿದೆ. ಆಜರಾದ ಸುವಾಸನೆಯ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿದೆ. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ.

ಹರ್ಬೇರಿಯಂನ ಕೆಲಸ ಸರಳವಾದುದು. ಹೂ ಕಾಯಿಗಳಿರುವ ಒಂದು ಕೊಂಬೆಯನ್ನು ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸುತ್ತಾರೆ. ಗಟ್ಟಿ ಕಾಗದಕ್ಕೆ ಅಂಟಿಸಿ ಕೆಳಗೆ ಒಂದು ಚೀಟಿ ಹಚ್ಚುತ್ತಾರೆ. ಚೀಟಿಯಲ್ಲಿ ಶಾಸ್ತ್ರೀಯ ಹೆಸರು, ಸಿಕ್ಕಿದ ಊರು, ದಿನಾಂಕ, ಸಂಗ್ರಹಿಸಿದವರ ಹೆಸರು ಇರುತ್ತವೆ. ಹುಳ ತೇವ ತಾಗದಂತೆ ಕಾಪಾಡಿದರೆ ಈ ಹಾಳೆ ನೂರಾರು ವರ್ಷ ಬಾಳುತ್ತದೆ. ಊರಿನವರು ಆ ಗಿಡವನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕೆ ಅದರಲ್ಲಿ ಸಿಗುವ ಜಾಗ ಹೆಚ್ಚೆಂದರೆ ಒಂದು ಸಾಲು.

ನಮ್ಮಂತಹವರ ಕಷ್ಟ ಇರುವುದು ಆ ಒಂದು ಸಾಲಿನಲ್ಲಿ. ಗಡಿನಾಡಿನಲ್ಲಿ ಒಂದೇ ಗಿಡಕ್ಕೆ ಎರಡು ಮೂರು ಭಾಷೆಗಳ ಹೆಸರಿರುತ್ತದೆ. ಬರೆಯುವವರಿಗೆ ಯಾರು ಮೊದಲು ಸಿಕ್ಕಿದರೋ ಅವರ ಭಾಷೆಯ ಹೆಸರು ಚೀಟಿಗೆ ಹೋಗುತ್ತದೆ. ಸಾಮಾನ್ಯವಾಗಿ ಅದು ಬಹುಸಂಖ್ಯಾತರ ಭಾಷೆ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಕೇಳಿದ್ದನ್ನು ಅವರು ಬರೆಯುತ್ತಾರೆ. ಹೇಳುವವರೇ ಮುಂದೆ ಬಾರದಿದ್ದರೆ ಅವರು ಬರೆಯುವುದಾದರೂ ಎಲ್ಲಿಂದ?

ಹಾಗೆಂದು ಬರಿಯ ಹೆಸರುಗಳನ್ನು ಪಟ್ಟಿ ಮಾಡಿದರೂ ಪ್ರಯೋಜನವಿಲ್ಲ. ನಮ್ಮ ತೋಟದ ಬದಿಯಲ್ಲಿ ಹರಡುವ ಒಂದೆಲಗವನ್ನೇ ನೋಡಿ. ತುಳುವಿನಲ್ಲಿ ಅದು ತಿಮರೆ, ಮಲಯಾಳದಲ್ಲಿ ಕುಡಂಗಲ್ ಅಥವಾ ಮುತ್ತಿಳ್. ಕರ್ನಾಟಕದಲ್ಲಿ ಅನೇಕರು ಅದನ್ನೇ ಬ್ರಾಹ್ಮಿ ಎನ್ನುತ್ತಾರೆ. ಕೇರಳದ ವೈದ್ಯರು ಬ್ರಾಹ್ಮಿ ಎನ್ನುವುದು ನೀರಿನ ಪಸೆಯಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಗಳ ಬೇರೆಯೇ ಗಿಡವನ್ನು. 'ಬ್ರಾಹ್ಮಿಯ ರಸ ಕೊಡುತ್ತಿದ್ದರು' ಎಂದು ಅಜ್ಜಿಯೊಬ್ಬರು ಹೇಳಿದ್ದನ್ನು ಧ್ವನಿಮುದ್ರಿಸಿ ಇಟ್ಟರೆ, ಐವತ್ತು ವರ್ಷಗಳ ಅನಂತರ ಕೇಳುವವನಿಗೆ ಯಾವ ಗಿಡವೆಂದು ತಿಳಿಯುವುದು ಹೇಗೆ? ಮಾತಿನ ಜೊತೆಗೆ ಗಿಡವೂ, ಗಿಡದ ಜೊತೆಗೆ ಮಾತೂ ಇರಬೇಕು. ಒಂದನ್ನು ಬಿಟ್ಟು ಒಂದನ್ನು ಇಟ್ಟರೆ ಅರ್ಧ ದಾಖಲೆ ಮಾತ್ರ.

ಈ ಪಾಠ ಕೇರಳಕ್ಕೆ ಹೊಸದಲ್ಲ. ಡಚ್ ಗವರ್ನರ್ ವಾನ್ ರೀಡ್ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥ 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರ ಬೆನ್ನೆಲುಬು ಇಟ್ಟಿ ಅಚ್ಯುತನ್ ಎಂಬ ನಾಡವೈದ್ಯರ ಬಾಯಿಮಾತಿನ ಅರಿವು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಆ ಕೆಲಸದಲ್ಲಿ ಸೇರಿದ್ದರು. ಆದುದರಿಂದಲೇ ಮಲಯಾಳದ ಹೆಸರುಗಳ ಜೊತೆಗೆ ನಾಗರಿ ಲಿಪಿಯಲ್ಲಿ ಕೊಂಕಣಿ ಹೆಸರುಗಳೂ ಅಲ್ಲಿ ಉಳಿದುವು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಹಾಜರಿದ್ದವರ ಭಾಷೆ ದಾಖಲೆಗೆ ಸೇರಿತು. ಆದರೆ ಗ್ರಂಥದೊಂದಿಗೆ ಒಣಗಿಸಿದ ಗಿಡಗಳು ಉಳಿಯದೆ ಹೋದುದರಿಂದ, ಚಿತ್ರ ಮತ್ತು ವಿವರಣೆಗಳನ್ನೇ ಹಿಡಿದು ಗಿಡಗಳನ್ನು ಮತ್ತೆ ಹುಡುಕಿ ಗುರುತಿಸಲು ಪ್ರೊ. ಕೆ. ಎಸ್. ಮಣಿಲಾಲರು ದಶಕಗಳನ್ನೇ ಸವೆಸಬೇಕಾಯಿತು. ಅವರ ಇಂಗ್ಲಿಷ್ ಅನುವಾದ ಬಂದದ್ದು 2003ರಲ್ಲಿ.

ಬಾಯಿಮಾತನ್ನು ಕಾಪಾಡುವ ವಿದ್ಯೆಯೂ ನಮ್ಮ ನೆರೆಯಲ್ಲೇ ಇದೆ. ಮಂಜೇಶ್ವರದ ಗೋವಿಂದ ಪೈಗಳ ಹೆಸರಿನ ಉಡುಪಿಯ ಸಂಶೋಧನ ಕೇಂದ್ರವು 1979ರಲ್ಲಿ ಆರಂಭಿಸಿದ ತುಳು ನಿಘಂಟು 1997ರಲ್ಲಿ ಆರು ಸಂಪುಟಗಳಾಗಿ ಪೂರ್ತಿಯಾಯಿತು. 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ಪೂರ್ತಿಯಾಗಿ ಧ್ವನಿಮುದ್ರಿಸಿತು. 1998ರಲ್ಲಿ ಪ್ರಕಟವಾದ ಅದರ ಪಠ್ಯದಲ್ಲಿ 15,683 ಸಾಲುಗಳಿವೆ. ಇಷ್ಟನ್ನು ಒಬ್ಬರ ನೆನಪು ಹೊತ್ತಿತ್ತು. ಅಂತಹ ನೆನಪುಗಳು ಎಷ್ಟೋ ಮನೆಗಳಲ್ಲಿ ದಾಖಲಾಗದೆ ಆರಿಹೋಗುತ್ತಿವೆ.

ದಾಖಲೆಯಿಂದ ಲಾಭವೇನು ಎಂದು ಕೇಳುವವರಿಗೆ ಅರಸಿನದ ಮೊಕದ್ದಮೆಯನ್ನು ನೆನಪಿಸಬೇಕು. ಗಾಯ ಮಾಯಿಸುವ ಅರಸಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಲಾಯಿತು. ನಮ್ಮ ಅಡಿಗೆಮನೆಗೆ ಗೊತ್ತಿದ್ದ ಸಂಗತಿಯೇ ಆದರೂ ಲಿಖಿತ ಆಧಾರಗಳನ್ನು ಮುಂದಿಟ್ಟ ಮೇಲಷ್ಟೇ 1997ರಲ್ಲಿ ಅದು ರದ್ದಾಯಿತು. ಇದೇ ಕಾರಣಕ್ಕೆ ಎಚ್ಚರಿಕೆಯೂ ಬೇಕು. ನಾಟಿವೈದ್ಯರ ಅರಿವು ಅವರ ಸೊತ್ತು. ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು, ಬೇಡವೆಂದುದನ್ನು ಹೊರಗೆಡಹಬಾರದು, ಹೇಳಿದವರ ಹೆಸರನ್ನು ಬಿಡಬಾರದು.

ಹಾಗಾದರೆ ಕೆಲಸ ಎಲ್ಲಿಂದ ಆರಂಭವಾಗಬೇಕು? 2002ರ ಜೈವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿನಲ್ಲಿಯೂ ಒಂದು ಸಮಿತಿಯಿರಬೇಕು. ಊರವರನ್ನು ಕೇಳಿ ಜನತಾ ಜೈವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ನಮ್ಮ ಗಡಿ ಪಂಚಾಯತುಗಳ ಸದಸ್ಯರು ಈ ದಾಖಲೆಯನ್ನು ತೆರೆಸಿ, ಕನ್ನಡ ಮತ್ತು ತುಳು ಹೆಸರುಗಳು ಇವೆಯೇ ಎಂದು ನೋಡಲಿ. ಇಲ್ಲದಿದ್ದರೆ ಸೇರಿಸಲು ಲಿಖಿತವಾಗಿ ಕೇಳಲಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ವಿಭಾಗವೂ ಇದೆ, ಕನ್ನಡ ವಿಭಾಗವೂ ಇದೆ. ಒಬ್ಬರು ಗಿಡವನ್ನೂ ಇನ್ನೊಬ್ಬರು ಮಾತನ್ನೂ ಕಾಪಾಡಿ, ಎರಡಕ್ಕೂ ಒಂದೇ ಕ್ರಮಸಂಖ್ಯೆ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಕೊಲ್ಲಾಪುರದವರೂ ಗಡಹಿಂಗ್ಲಜ ಕಡೆಯ ಕನ್ನಡ ಹಿರಿಯರ ಬಳಿ ಹೀಗೆಯೇ ಕುಳಿತುಕೊಳ್ಳಬೇಕೆಂಬುದು ನಮ್ಮ ಆಶೆ.

ಮನೆಗಳಲ್ಲಿಯೂ ಮಾಡತಕ್ಕದ್ದು ಉಂಟು. 650ಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಉಳಿಸಿದ ನಮ್ಮ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರು 2024ರಲ್ಲಿ ಪದ್ಮಶ್ರೀ ಪಡೆದರು. ಅವರು ಯಾವ ದೊಡ್ಡ ಸಂಸ್ಥೆಯ ಅಪ್ಪಣೆಗೂ ಕಾದವರಲ್ಲ. ಕನ್ನಡ ಮಾಧ್ಯಮ ಶಾಲೆಗಳ ಹಿರಿಯ ತರಗತಿಯ ಮಕ್ಕಳು ಈ ರಜೆಯಲ್ಲಿ ತಲಾ ಹತ್ತು ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಒಣಗಿಸಲಿ. ಅಜ್ಜ ಅಜ್ಜಿಯರು ಆ ಗಿಡದ ಬಗ್ಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಮೊಬೈಲಿನಲ್ಲಿ ಹಿಡಿದಿಡಲಿ. ಊರು, ದಿನಾಂಕ, ಹೇಳಿದವರ ಹೆಸರು ಬರೆಯಲಿ. ಅಧ್ಯಾಪಕರು ಅವುಗಳನ್ನು ಒಂದೆಡೆ ಸೇರಿಸಿ ವಿಶ್ವವಿದ್ಯಾಲಯಕ್ಕೆ ತಲಪಿಸಲಿ. ತನ್ನ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ನಮಗೆ ಕೊಟ್ಟಿದೆ. ಆ ಹಕ್ಕಿಗಾಗಿ ಮನವಿ ಸಲ್ಲಿಸುವುದು ಎಷ್ಟು ಅಗತ್ಯವೋ, ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಕೇಳುವುದೂ ಅಷ್ಟೇ ಅಗತ್ಯ. ಪಾಲಕರೂ ಅಧ್ಯಾಪಕರೂ ಈ ಬಗ್ಗೆ ಯೋಚಿಸುವರೆಂದು ನಂಬುತ್ತೇವೆ.