ಹೆಸರು ಒಂದೇ, ವರ್ಷ ಬೇರೆ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಕೂಡುವ ದನದ ಪೇಟೆಗೆ ಎತ್ತು ಕೊಳ್ಳಲು ಬಂದ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರಿಂದ ಅದರ ವಯಸ್ಸು ತಿಳಿಯುತ್ತದೆ. ಆದರೆ ಹಲ್ಲು ನೋಡಿದ ಮಾತ್ರಕ್ಕೆ ಅವನು ಹಣದ ಚೀಲ ಬಿಚ್ಚುವುದಿಲ್ಲ. ಎತ್ತನ್ನು ನಾಲ್ಕು ಹೆಜ್ಜೆ ನಡೆಸುತ್ತಾನೆ, ಹೆಗಲನ್ನು ಒತ್ತಿ ನೋಡುತ್ತಾನೆ, ಗೊರಸನ್ನು ಪರೀಕ್ಷಿಸುತ್ತಾನೆ. ಕೊನೆಗೆ ಇದು ಯಾರ ಮನೆಯಲ್ಲಿ ಬೆಳೆದದ್ದು ಎಂದು ವಿಚಾರಿಸುತ್ತಾನೆ. ವಯಸ್ಸನ್ನು ಹಲ್ಲು ಹೇಳುತ್ತದೆ. ಸಾಕಿದವರ ಕೈಗುಣವನ್ನು ಹೇಳಲು ಬೇರೆ ಸಾಕ್ಷಿ ಬೇಕು.

ಬಳಸಿದ ವಾಹನವನ್ನು ಕೊಳ್ಳುವುದರಲ್ಲಿಯೂ ವಿವೇಕದ ದಾರಿ ಇದೇ. ಇದನ್ನು ಸ್ಪಷ್ಟವಾಗಿ ತೋರಿಸಿಕೊಡುವ ಒಂದು ಉದಾಹರಣೆ ಇಂಗ್ಲೆಂಡಿನಲ್ಲಿದೆ. ಅದು ಜಾಗ್ವಾರ್ ಸಂಸ್ಥೆಯ ಎಕ್ಸ್‌ಕೆ8 ಎಂಬ ಐಷಾರಾಮಿ ಕಾರು. 1996ರ ಮಾರ್ಚಿಯಲ್ಲಿ ಜಿನೀವಾದ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು, 2005ರವರೆಗೆ ಕೊವೆಂಟ್ರಿ ನಗರದ ಬ್ರೌನ್ಸ್ ಲೇನ್ ಪರಿಸರದಲ್ಲಿ ಬೆಳೆದ ಜಾಗ್ವಾರ್ ಪರಂಪರೆಯ ಕುಡಿಯಾಗಿ ತಯಾರಾಯಿತು. ಅದರಲ್ಲಿ ಎರಡು ಬಗೆ: ಗಟ್ಟಿ ಚಾವಣಿಯದು ಒಂದು, ಗುಂಡಿ ಒತ್ತಿದರೆ ಬಟ್ಟೆಯ ಚಾವಣಿ ತಾನಾಗಿ ಹಿಂದಕ್ಕೆ ಮಡಚಿಕೊಳ್ಳುವ ಕನ್ವರ್ಟಿಬಲ್ ಇನ್ನೊಂದು. ಹೊಸದಾಗಿದ್ದಾಗ ಕನ್ವರ್ಟಿಬಲ್ಲಿನ ಬೆಲೆ ಐವತ್ತು ಸಾವಿರ ಪೌಂಡುಗಳಿಗೂ ಹೆಚ್ಚು. ವರ್ಷಗಳು ಉರುಳಿದಂತೆ ಅದು ಸಾಧಾರಣ ಹೊಸ ಕಾರಿನ ಬೆಲೆಗಿಂತಲೂ ಕೆಳಗಿಳಿಯಿತು. ಯೌವನದಲ್ಲಿ ಅಂಗಡಿಯ ಗಾಜಿನಾಚೆ ನಿಂತು ನೋಡಿದ್ದ ಕಾರು ನಡುವಯಸ್ಸಿನಲ್ಲಿ ಕೈಗೆಟುಕುವಂತಾದಾಗ ಮನಸ್ಸು ಸೋಲುವುದು ಸಹಜ. ಅಪಾಯವಿರುವುದೂ ಅಲ್ಲಿಯೇ. ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ.

ಎಕ್ಸ್‌ಕೆ8 ಎಂಬ ಹೆಸರು ಹತ್ತು ವರ್ಷ ಬದಲಾಗಲಿಲ್ಲ, ಮೈಮಾಟವೂ ಹೆಚ್ಚು ಬದಲಾಗಲಿಲ್ಲ. ಆದರೆ ಒಳಗಿನ ಯಂತ್ರ ಬದಲಾಗುತ್ತಲೇ ಹೋಯಿತು. ಆದ್ದರಿಂದ ‘ಎಕ್ಸ್‌ಕೆ8 ಒಳ್ಳೆಯ ಕಾರೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಯಾವ ವರ್ಷದ ಎಕ್ಸ್‌ಕೆ8?’ ಎಂದು ಕೇಳಿದರೆ ಮಾತ್ರ ಉತ್ತರವುಂಟು.

ವರ್ಷ ಎಂಬ ಮಾತೂ ಸರಳವಲ್ಲ. ಒಂದು ಕಾರಿಗೆ ಮೂರು ವರ್ಷಗಳಿರಬಹುದು: ಕಾರ್ಖಾನೆಯಲ್ಲಿ ತಯಾರಾದ ವರ್ಷ, ನೋಂದಣಿಯಾದ ವರ್ಷ ಮತ್ತು ಕಂಪನಿ ಅದಕ್ಕೆ ಕೊಟ್ಟ ಮಾದರಿ ವರ್ಷ. ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷವೇ ಮಾರುಕಟ್ಟೆಗೆ ಬಿಡುವ ರೂಢಿ ಇರುವುದರಿಂದ, 1996ರಲ್ಲಿ ತಯಾರಾದ ಕಾರು 1997ರ ಮಾದರಿ ಎನ್ನಿಸಿಕೊಳ್ಳಬಹುದು. ಅಮೆರಿಕದಲ್ಲಿ ಮಾರುವ ಪ್ರತಿಯೊಂದು ಕಾರಿನ ಹದಿನೇಳು ಅಕ್ಷರಾಂಕಗಳ ಗುರುತು ಸಂಖ್ಯೆಯಲ್ಲಿ ಹತ್ತನೆಯದು ಮಾದರಿ ವರ್ಷವನ್ನು ಸೂಚಿಸುತ್ತದೆ: 1997ಕ್ಕೆ ‘ವಿ’, 2000ಕ್ಕೆ ‘ವೈ’, 2001ಕ್ಕೆ ‘1’, 2002ಕ್ಕೆ ‘2’. ಮಾರುವವನ ಮಾತಿಗಿಂತ ಲೋಹದ ಮೇಲೆ ಕೊರೆದ ಅಕ್ಷರ ನಂಬಲರ್ಹ.

ಈ ಕಾರಿನ ಚರಿತ್ರೆಯಲ್ಲಿ ಮೊದಲ ಗಡಿರೇಖೆ ಬೀಳುವುದು 2000ದ ಆಗಸ್ಟಿನಲ್ಲಿ. ಮೊದಲ ಎಕ್ಸ್‌ಕೆ8ಗಳಲ್ಲಿದ್ದದ್ದು ನಾಲ್ಕು ಲೀಟರಿನ, ಎಂಟು ಸಿಲಿಂಡರಿನ ಎಂಜಿನ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸಿಲಿಂಡರಿನ ಒಳಗೋಡೆಗೆ ನಿಕಾಸಿಲ್ ಎಂಬ ಲೇಪನ ಕೊಡಲಾಗಿತ್ತು. ನಿಕ್ಕಲ್ ಲೋಹದಲ್ಲಿ ಸಿಲಿಕಾನ್ ಕಾರ್ಬೈಡಿನ ಕಣಗಳನ್ನು ಕೂಡಿಸಿದ ಈ ಲೇಪನ ಹಗುರ, ಗಟ್ಟಿ, ನುಣುಪು. ಆದರೆ ಅದಕ್ಕೊಂದು ವೈರಿ ಇತ್ತು: ಪೆಟ್ರೋಲಿನಲ್ಲಿರುವ ಗಂಧಕ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಸಣ್ಣ ಸಣ್ಣ ಓಡಾಟಗಳಲ್ಲಿ, ಗಂಧಕದಿಂದ ಹುಟ್ಟಿದ ಆಮ್ಲ ಒಳಗೋಡೆಯ ಮೇಲೆ ಉಳಿದು ನಿಕ್ಕಲನ್ನು ತಿನ್ನುತ್ತಿತ್ತು. ಒತ್ತಡ ಸೋರಿ ಎಂಜಿನ್ ಬಲಗುಂದುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು, ಬೆಳಿಗ್ಗೆ ಚಾಲೂ ಆಗಲು ಹಟ ಮಾಡುತ್ತಿತ್ತು. ಅನೇಕ ಕಾರುಗಳಿಗೆ ಹೊಸ ಎಂಜಿನ್ನನ್ನೇ ಕೂಡಿಸಬೇಕಾಯಿತು. ಅದೇ ಲೇಪನವನ್ನು ಬಳಸಿದ ಜರ್ಮನಿಯ ಬಿಎಂಡಬ್ಲ್ಯೂ ಎಂಜಿನ್ನುಗಳಿಗೂ ಇದೇ ಗತಿಯಾಯಿತು. ಕೊನೆಗೆ 2000ದ ಆಗಸ್ಟಿನಿಂದ ಜಾಗ್ವಾರ್ ಆ ಲೇಪನವನ್ನು ಕೈಬಿಟ್ಟು ಸಿಲಿಂಡರಿಗೆ ಗಟ್ಟಿ ಲೋಹದ ಒಳಕವಚ ಅಳವಡಿಸಿತು. ಈ ಎಂಜಿನ್ನಿನ ಮೇಲಿರುವ ಸಂಖ್ಯೆ ಅದರ ಜಾತಕವೂ ಹೌದು. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಆಮೇಲಿನ ಎರಡು ದಿನ. ಓದಲು ಬಂದವನಿಗೆ ಯಾವ ಎಂಜಿನ್ ರೇಖೆಯ ಈಚೆಯದು, ಯಾವುದು ಆಚೆಯದು ಎಂಬುದು ಅರೆಕ್ಷಣದಲ್ಲಿ ತಿಳಿಯುತ್ತದೆ.

ಹಾಗಾದರೆ 2000ಕ್ಕಿಂತ ಹಿಂದಿನದನ್ನು ಮುಟ್ಟಲೇಬಾರದೆ? ಇಲ್ಲಿಯೇ ವಿಷಯ ಸ್ವಾರಸ್ಯ ಪಡೆಯುತ್ತದೆ. ಯುರೋಪಿನಲ್ಲಿ ಪೆಟ್ರೋಲಿನ ಗಂಧಕಕ್ಕೆ 2000ದಲ್ಲಿ ಹತ್ತು ಲಕ್ಷಕ್ಕೆ 150 ಪಾಲು ಎಂಬ ಮಿತಿ ಬಂತು. 2005ರಲ್ಲಿ ಅದು 50ಕ್ಕೆ ಇಳಿಯಿತು. ವೈರಿಯೇ ಬಹುಮಟ್ಟಿಗೆ ಇಲ್ಲವಾದ. ಗಂಧಕದ ಕಾಲದಲ್ಲಿ ಕೆಡಬೇಕಾದ ಎಂಜಿನ್ನುಗಳು ಆಗಲೇ ಕೆಟ್ಟು ಬದಲಾದವು. ಉಳಿದು ಬಂದವು ಬಹುಪಾಲು ದೂರ ಪ್ರಯಾಣ ಮಾಡಿದ, ಚೆನ್ನಾಗಿ ಬಿಸಿಯಾಗಿ ಓಡಿದ ಎಂಜಿನ್ನುಗಳು. ಆದ್ದರಿಂದ ಇಂದು ಸಿಲಿಂಡರಿನ ಒತ್ತಡವನ್ನು ಅಳೆಸಿ ಸರಿಯಿದೆ ಎಂದು ಕಂಡುಕೊಂಡ 1998ರ ಕಾರಿಗೆ ಆ ಹಳೆಯ ಭಯವನ್ನು ಹೊರಿಸುವುದು ನ್ಯಾಯವಲ್ಲ. ಕೆಟ್ಟ ಹೆಸರು ದೋಷಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಅದನ್ನು ಅರಿತವನಿಗೆ ಚೌಕಾಸಿಯಲ್ಲಿ ಲಾಭವೂ ಉಂಟು.

ಎರಡನೆಯ ಗಡಿರೇಖೆ 2001ರ ಆಗಸ್ಟಿನ ಸುಮಾರಿನದು. ಇದನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಎಂಜಿನ್ನಿನೊಳಗೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಟೈಮಿಂಗ್ ಚೈನುಗಳಿವೆ. ಅವು ಸಡಿಲವಾಗದಂತೆ ಒತ್ತಿ ಹಿಡಿಯುವ ಭಾಗವೇ ಟೆನ್ಷನರ್. ಮೊದಲ ವರ್ಷಗಳಲ್ಲಿ ಮೇಲ್ಭಾಗದ ಟೆನ್ಷನರುಗಳ ಮೈ ಪ್ಲಾಸ್ಟಿಕ್ಕಿನದಾಗಿತ್ತು. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ಪ್ಲಾಸ್ಟಿಕ್ ಬಿರಿಯುತ್ತದೆ, ಚೈನ್ ಸಡಿಲವಾಗುತ್ತದೆ, ಒಂದು ಹಲ್ಲು ಜಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಮುಷ್ಟಿಗಾತ್ರದ ಒಂದು ಭಾಗದ ದೆಸೆಯಿಂದ ಇಡೀ ಕಾರು ಗುಜರಿಗೆ ಹೋಗುವಂತಾಗುತ್ತದೆ. 2001ರ ಆಗಸ್ಟಿನ ಬಳಿಕ ಬಂದ ಎಂಜಿನ್ನುಗಳಲ್ಲಿ ಟೆನ್ಷನರಿನ ಮೈ ಲೋಹದ್ದು. ಅದಕ್ಕೂ ಹಿಂದಿನ ಕಾರಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಟೆನ್ಷನರುಗಳನ್ನು ಬದಲಿಸಲಾಗಿದೆಯೇ, ಅದಕ್ಕೆ ರಸೀದಿ ಇದೆಯೇ? ‘ಮಾಡಿಸಿದ್ದೇವೆ, ರಸೀದಿ ಎಲ್ಲೋ ಇದೆ’ ಎಂಬ ಉತ್ತರ ಬಂದರೆ ಮಾಡಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು.

ಮೂರನೆಯ ರೇಖೆ 2003ರ ಮಾದರಿಯದು. ಆಗ 4.2 ಲೀಟರಿನ ಎಂಜಿನ್ ಬಂತು; ಐದು ಗೇರಿನ ಪೆಟ್ಟಿಗೆ ಹೋಗಿ ಜರ್ಮನಿಯ ಝಡ್‌ಎಫ್ ಸಂಸ್ಥೆಯ ಆರು ಗೇರಿನ ಸ್ವಯಂಚಾಲಿತ ಪೆಟ್ಟಿಗೆ ಬಂತು. ಮೇಲಿನ ಎರಡೂ ದೋಷಗಳಿಂದ ಮುಕ್ತವಾದ ಈ ಕೊನೆಯ ವರ್ಷಗಳ ಕಾರುಗಳಿಗೆ ಬೆಲೆ ಹೆಚ್ಚಿರುವುದು ಸರಿಯೇ. ಆದರೆ ಇಲ್ಲಿಯೂ ಒಂದು ಬಲೆ ಇದೆ. ಗೇರುಪೆಟ್ಟಿಗೆಯ ಎಣ್ಣೆ ‘ಜೀವಮಾನಕ್ಕೆ ಸಾಕು’ ಎಂದು ಹೇಳಲಾಗಿತ್ತು. ಯಾರ ಜೀವಮಾನ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಅನುಭವಿ ಮೆಕ್ಯಾನಿಕ್ಕುಗಳು ಅರವತ್ತು, ಎಪ್ಪತ್ತು ಸಾವಿರ ಮೈಲಿಗೊಮ್ಮೆ ಅದನ್ನು ಬದಲಿಸಬೇಕೆನ್ನುತ್ತಾರೆ. ಆ ಮಾತನ್ನು ಕೇಳಿ ನಡೆದ ಮಾಲೀಕನು ಯಾರೋ, ಪುಸ್ತಕದ ಮಾತನ್ನೇ ನಂಬಿ ಕುಳಿತವನು ಯಾರೋ ಎಂಬುದು ರಸೀದಿಗಳ ಕಟ್ಟಿನಲ್ಲಿ ತಿಳಿಯುತ್ತದೆ.

ಇನ್ನು ಕೆಲವು ದೋಷಗಳಿಗೆ ವರ್ಷದ ಭೇದವಿಲ್ಲ. ತುಕ್ಕು ಅವುಗಳಲ್ಲಿ ಮೊದಲನೆಯದು. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ, ಹಿಂದಿನ ಚಕ್ರದ ಕಮಾನುಗಳಿಗೆ, ಬಾಗಿಲ ಕೆಳಗಿನ ಅಂಚಿಗೆ ಹತ್ತಿ ಒಳಗೊಳಗೇ ಕೊರೆಯುತ್ತದೆ. ಮೇಲೆ ಬಣ್ಣ ಮಿರುಗುತ್ತಿರುವಾಗಲೇ ತಳ ಜರಡಿಯಾಗಿರಬಹುದು. ಎಂಜಿನ್ನನ್ನು ಬದಲಿಸಬಹುದು, ಕೊಳೆತ ಮೈಯನ್ನು ಸರಿಪಡಿಸುವುದು ಅದಕ್ಕಿಂತ ಕಷ್ಟ. ಎರಡನೆಯದು, ಮಡಚುವ ಚಾವಣಿ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಅದರ ಒಂದು ನಳಿಗೆ ಮುಂಗಾಜಿನ ಮೇಲಂಚಿನವರೆಗೆ ಹೋಗಿ ಅಲ್ಲಿರುವ ಕೊಂಡಿಯನ್ನು ಎಳೆಯುತ್ತದೆ. ಹಳತಾದ ನಳಿಗೆ ಒಡೆದರೆ ಹಸಿರು ಬಣ್ಣದ ಎಣ್ಣೆ ನೇರವಾಗಿ ಚಾಲಕನ ತಲೆಯ ಮೇಲೆ ಸುರಿಯುತ್ತದೆ. ಇಂಗ್ಲೆಂಡಿನ ಮಾಲೀಕರು ಇದನ್ನು ‘ಹಸಿರು ಸ್ನಾನ’ವೆಂದು ಕರೆದು ನಗುತ್ತಾರೆ. ನಗುವುದು ಬಟ್ಟೆ ಒಗೆದ ಮೇಲೆ.

ದಾಖಲೆಗಳ ವಿಷಯದಲ್ಲಿ ಅಲ್ಲಿನ ಕೊಳ್ಳುಗರಿಗೆ ಒಂದು ಅನುಕೂಲವುಂಟು. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಪ್ರತಿ ಕಾರನ್ನೂ ವರ್ಷಕ್ಕೊಮ್ಮೆ ಎಂಒಟಿ ಎಂಬ ಪರೀಕ್ಷೆಗೆ ಒಡ್ಡಬೇಕು. 2005ರಿಂದೀಚೆಗಿನ ಫಲಿತಾಂಶಗಳನ್ನು ಕಾರಿನ ನಂಬರು ಕೊಟ್ಟು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಯಾವ ವರ್ಷ ಏಕೆ ಅನುತ್ತೀರ್ಣವಾಯಿತು, ಆಗ ಎಷ್ಟು ಮೈಲಿ ಓಡಿತ್ತು ಎಂಬುದೆಲ್ಲ ಅಲ್ಲಿದೆ. ಶಾಲೆಯ ಪ್ರಗತಿಪತ್ರದಂತೆಯೇ ಅದನ್ನೂ ಓದಬೇಕು: ಒಂದು ವರ್ಷದ ಅಂಕದಿಂದಲ್ಲ, ವರ್ಷದಿಂದ ವರ್ಷಕ್ಕೆ ಕಾಣುವ ನಡೆಯಿಂದ. ತುಕ್ಕು ಎಂಬ ಎಚ್ಚರಿಕೆ ನಾಲ್ಕು ವರ್ಷ ಮರುಕಳಿಸಿದ್ದರೆ ಆ ಮನೆಯಲ್ಲಿ ಎಚ್ಚರಿಕೆಗೆ ಕಿವಿಗೊಡುವವರಿರಲಿಲ್ಲ ಎಂದರ್ಥ. ನೋಂದಣಿಯ ದಿನಾಂಕವೂ ಅಲ್ಲಿ ಹಣದ ಮಾತು. 2006ರ ಮಾರ್ಚ್ 23ರಂದು ಅಥವಾ ಆನಂತರ ನೋಂದಣಿಯಾದ, ಹೆಚ್ಚು ಹೊಗೆಯುಗುಳುವ ಕಾರುಗಳ ವಾರ್ಷಿಕ ತೆರಿಗೆ ಅದಕ್ಕೆ ಹಿಂದಿನವುಗಳಿಗಿಂತ ಬಹಳ ಹೆಚ್ಚು. ಹೀಗೆ ಒಂದೇ ಬಗೆಯ ಎರಡು ಕಾರುಗಳ ನಡುವೆ ಕೆಲವೇ ದಿನಗಳ ಅಂತರ ವರ್ಷವರ್ಷವೂ ಜೇಬಿಗೆ ತಟ್ಟುತ್ತದೆ.

ಕಾರು ನೋಡಲು ಹೋದ ದಿನ ಮೊದಲು ಎಂಜಿನ್ನಿನ ಮೇಲುಮುಚ್ಚಳದ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮಾರುವವನು ಮುಂಚೆಯೇ ಚಾಲೂ ಮಾಡಿದ್ದಾನೆ; ತಣ್ಣನೆಯ ಎಂಜಿನ್ ಹೊರಡಿಸುವ ಗಲಗಲ ಸದ್ದು, ಸಡಿಲಗೊಂಡ ಚೈನಿನ ಮೊದಲ ಸೂಚನೆ, ಆಗಲೇ ಅಡಗಿರುತ್ತದೆ. ಅಂಥಲ್ಲಿ ಮತ್ತೊಂದು ದಿನ ಬರುವುದು ಲೇಸು. ಚಾವಣಿಯನ್ನು ಎರಡು ಸಲ ಪೂರ್ತಿಯಾಗಿ ತೆರೆಸಿ ಮುಚ್ಚಿಸಬೇಕು. ಕಾಲಡಿಯ ಜಮಖಾನವನ್ನು ಬೆರಳಿನಿಂದ ಒತ್ತಿ ತೇವವಿದೆಯೇ ಎಂದು ನೋಡಬೇಕು. ಕಾರನ್ನು ಮೇಲಕ್ಕೆತ್ತಿಸಿ ತಳ ನೋಡದೆ ಮಾತು ಮುಗಿಸಬಾರದು. ಇಷ್ಟಾದ ಮೇಲೂ ಕೊಂಡ ಬೆಲೆಯ ಮೇಲೆ ಮೊದಲ ವರ್ಷದ ದುರಸ್ತಿಗೆಂದು ಒಂದು ಗಂಟು ಬೇರೆಯೇ ತೆಗೆದಿಡಬೇಕು. ಕೈಯಲ್ಲಿದ್ದುದನ್ನೆಲ್ಲ ಬೆಲೆಗೇ ಸುರಿದವನು ಕಾರಿನ ಒಡೆಯನಾಗುವುದಿಲ್ಲ, ಅದರ ಕಾವಲುಗಾರನಾಗುತ್ತಾನೆ.

ಈ ಎಲ್ಲವನ್ನೂ ತೂಗಿ ನೋಡಿದರೆ ತೀರ್ಮಾನ ಹೀಗೆ ನಿಲ್ಲುತ್ತದೆ. ಬೇರೆಲ್ಲವೂ ಸಮವಾಗಿದ್ದರೆ 2003ರ ಈಚಿನದೇ ಮೇಲು. ಆದರೆ ಬೇರೆಲ್ಲವೂ ಸಮವಾಗಿರುವುದು ಅಪರೂಪ. ಟೆನ್ಷನರ್ ಬದಲಾದ, ಗೇರಿನ ಎಣ್ಣೆ ಬದಲಾದ, ತಳ ಗಟ್ಟಿಯಾಗಿರುವ, ಪ್ರತಿ ಕೆಲಸಕ್ಕೂ ರಸೀದಿಯಿರುವ 1998ರ ಕಾರು, ಕಾಗದವೇ ಇಲ್ಲದ 2004ರ ಕಾರಿಗಿಂತ ಮೇಲು. ಏನನ್ನು ಕೇಳಬೇಕೆಂದು ವರ್ಷ ಕಲಿಸುತ್ತದೆ. ಉತ್ತರ ಕೊಡಬೇಕಾದುದು ದಾಖಲೆ.

2008ರಲ್ಲಿ ಜಾಗ್ವಾರ್ ಸಂಸ್ಥೆ ನಮ್ಮ ದೇಶದ ಟಾಟಾ ಮೋಟಾರ್ಸಿನ ಒಡೆತನಕ್ಕೆ ಬಂತು. ಆದರೂ ಸೊಲ್ಲಾಪುರ, ಅಕ್ಕಲಕೋಟೆಯ ಶಾಲಾ ಕುಟುಂಬಗಳ ಅಂಗಳಕ್ಕೆ ಬರುವುದು ಐಷಾರಾಮಿ ಕಾರಲ್ಲ. ಹಳೆಯ ಸ್ಕೂಟರ್, ಸರಕಿನ ಟೆಂಪೊ, ಹೆಚ್ಚೆಂದರೆ ಸಣ್ಣದೊಂದು ಕಾರು. ಆಗಲೂ ಕ್ರಮ ಇದೇ. ಗಡಿಯ ಜನಕ್ಕೆ ಇನ್ನೊಂದು ಹೆಜ್ಜೆ ಹೆಚ್ಚು. ವಿಜಯಪುರದಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕೆಎ-28ರ ವಾಹನವನ್ನು ಎಂಎಚ್-13ರ ಸೀಮೆಗೆ ತಂದವರು, ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು, ಅಂದರೆ ನಮೂನೆ 28ನ್ನು, ಪಡೆದೇ ಹಣದ ಕೊನೆಯ ಕಂತು ಕೊಡಬೇಕು. ಹನ್ನೆರಡು ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಳ್ಳುವ ವಾಹನಕ್ಕೆ ಆ ರಾಜ್ಯದ ಹೊಸ ನಂಬರು ಪಡೆಯಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ವಿಧಿ. ತೆರಿಗೆಯ ಲೆಕ್ಕವೂ ಅದರೊಡನೆ ಬರುತ್ತದೆ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ಉಲ್ಲೇಖವಿದ್ದರೆ ಅದು ತೀರಿದ ಪತ್ರ ಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದರಿಂದ, ಹದಿನಾಲ್ಕು ವರ್ಷದ ವಾಹನದ ಅಗ್ಗದ ಬೆಲೆಗೆ ನವೀಕರಣದ ಖರ್ಚನ್ನೂ ಕೂಡಿಸಿ ನೋಡಬೇಕು.

ಈ ಕಾಗದಗಳನ್ನು ಮನೆಯಲ್ಲಿ ಓದುವ ಮಗ ಅಥವಾ ಮಗಳ ಕೈಗೆ ಕೊಟ್ಟು, ತಯಾರಾದ ತಿಂಗಳು ಯಾವುದು, ನೋಂದಣಿಯಾದ ದಿನ ಯಾವುದು, ಎಷ್ಟು ಜನರ ಕೈ ದಾಟಿ ಬಂದಿದೆ ಎಂದು ಗಟ್ಟಿಯಾಗಿ ಓದಿಸಿದರೆ ಒಳಿತು. ಪೇಟೆಯಲ್ಲಿ ಅಜ್ಜ ಎತ್ತಿನ ಹಲ್ಲು ಎಣಿಸುವಾಗ ಮೊಮ್ಮಗ ಪಕ್ಕದಲ್ಲಿ ನಿಂತು ಕಲಿತದ್ದೂ ಹಾಗೆಯೇ.